ಕೆಂಪು ಬಟ್ಟೆಯ ಕಿರ್ದಿ ಪುಸ್ತಕ

ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಇರುತ್ತಿದ್ದ ಕೆಂಪು ಬಟ್ಟೆಯ ಕಿರ್ದಿ ಪುಸ್ತಕವನ್ನು ಹಿರಿಯ ಓದುಗರು ಮರೆತಿರಲಾರರು. ಬಂಗಾಳದ ವ್ಯಾಪಾರಿಗಳು ಅಂಥದನ್ನೇ ಖೇರೋರ್ ಖಾತಾ ಎನ್ನುತ್ತಿದ್ದರು. ಸತ್ಯಜಿತ್ ರೇ ತಮ್ಮ ಚಿತ್ರಗಳನ್ನು ಕಟ್ಟಿದ್ದು ಅದರ ಪುಟಗಳಲ್ಲಿ. ಸಂಭಾಷಣೆ, ದೃಶ್ಯಗಳ ರೇಖಾಚಿತ್ರ, ಪಾತ್ರಗಳ ಉಡುಪು, ಸೆಟ್ಟಿನ ವಿವರ, ಸಂಗೀತದ ಟಿಪ್ಪಣಿ ಎಲ್ಲವೂ ಅಲ್ಲಿದ್ದವು. ಕಲಾವಿದನಿಗೆ ಶಿಸ್ತು ಒಗ್ಗದೆಂಬ ನಮ್ಮ ಗಾಢ ನಂಬಿಕೆ ಇಲ್ಲಿ ಕೊಂಚ ಮುಜುಗರಪಡಬೇಕಾಗುತ್ತದೆ.

ರೇ ಹುಟ್ಟಿದ್ದು 1921ರಲ್ಲಿ, ಕೋಲ್ಕತ್ತದ ಮುದ್ರಕರ ಮನೆತನದಲ್ಲಿ. ಅಜ್ಜ ಉಪೇಂದ್ರಕಿಶೋರರು ಚಿತ್ರಮುದ್ರಣದ ಪ್ರಯೋಗಗಳಿಗೆ ಹೆಸರಾದವರು. ಶಾಂತಿನಿಕೇತನದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟ ರೇ 1943ರಲ್ಲಿ ಡಿ.ಜೆ. ಕೀಮರ್ ಎಂಬ ಜಾಹೀರಾತು ಕಂಪನಿ ಸೇರಿದರು. ಸಂಬಳ ತಿಂಗಳಿಗೆ 80 ರೂಪಾಯಿ. ಗಡುವು, ಅಳತೆ, ಗ್ರಾಹಕನ ಮರ್ಜಿ ಇವುಗಳ ನಡುವೆಯೇ ಅವರ ಕೈ ಪಳಗಿತು. ಸಿಗ್ನೆಟ್ ಪ್ರೆಸ್‌ಗಾಗಿ ಪುಸ್ತಕಗಳ ಮುಖಪುಟ ರಚಿಸುತ್ತಿದ್ದಾಗ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೂ ಚಿತ್ರ ಬರೆದರು. ಸಿನಿಮಾದ ಬೀಜ ಬಿದ್ದದ್ದು ಅಲ್ಲೇ.

ಆದರೆ ಆ ಮೊದಲ ಚಿತ್ರಕ್ಕೆ ಪೂರ್ಣ ಚಿತ್ರಕಥೆಯೇ ಇರಲಿಲ್ಲ. ಇದ್ದದ್ದು ರೇಖಾಚಿತ್ರಗಳು ಮತ್ತು ಟಿಪ್ಪಣಿಗಳು. ನೌಕರಿ ಬಿಡದೆ, ರಜಾದಿನಗಳಲ್ಲಿ ಚಿತ್ರೀಕರಣ. 1952ರಲ್ಲಿ ಕಾಶ್ ಹುಲ್ಲಿನ ಬಿಳಿ ಹೂಗಳ ನಡುವೆ ಒಂದು ದಿನದ ಕೆಲಸ ಮುಗಿಸಿ ಮುಂದಿನ ವಾರ ಬಂದರೆ, ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು! ಯಾವ ಕಿರ್ದಿಯಲ್ಲಿ ಬರೆದಿಟ್ಟರೆ ತಾನೇ ದನ ಕೇಳೀತು? ಬೇರೆ ಹುಲ್ಲಿನಲ್ಲಿ ಮುಗಿಸಿಬಿಡಬಹುದಿತ್ತು. ರೇ ಮುಂದಿನ ಋತುವಿನವರೆಗೆ ಕಾದರು. ನಡುವೆ ಹಣ ಮುಗಿಯಿತು. ಹೆಂಡತಿಯ ಒಡವೆ ಗಿರವಿಗೆ ಹೋಯಿತು. 1955ರಲ್ಲಿ ಚಿತ್ರ ತೆರೆಗೆ ಬಂತು. ಯೋಜನೆಯನ್ನು ಯಾವಾಗ ಬದಿಗಿಡಬೇಕೆಂಬ ವಿವೇಕ ಯೋಜನೆಯಷ್ಟೇ ಕಷ್ಟದ್ದೆಂದು ನನಗೆ ತೋರುವುದು ಈ ಪ್ರಸಂಗದಲ್ಲಿ.

ಆಮೇಲೆ ಕೆಂಪು ಪುಸ್ತಕಗಳು ಒಂದರ ಹಿಂದೊಂದು ತುಂಬಿದವು. 1961ರ ‘ತೀನ್ ಕನ್ಯಾ’ದಿಂದ ಸಂಗೀತವನ್ನೂ ತಾವೇ ಮಾಡಿಕೊಂಡರು. ಪೋಸ್ಟರು ಅವರದೇ, ‘ರೇ ರೋಮನ್’ ಎಂಬ ಇಂಗ್ಲಿಷ್ ಅಕ್ಷರವಿನ್ಯಾಸವೂ ಅವರದೇ. ಕಚ್ಚಾ ಫಿಲ್ಮಿಗೂ ಬಿಡಿಗಾಸಿಗೂ ಲೆಕ್ಕವಿಡಬೇಕಿದ್ದ ಚಿತ್ರೋದ್ಯಮದಲ್ಲಿ, ಮೊದಲೇ ಬರೆದಿಟ್ಟುಕೊಂಡವನಿಗಷ್ಟೇ ಸ್ಥಳದಲ್ಲಿ ಮನಸ್ಸು ಬದಲಿಸುವ ಬಿಡುವು ಸಿಗುತ್ತಿತ್ತು.

1983ರಲ್ಲಿ ‘ಘರೇ ಬಾಯಿರೆ’ ಚಿತ್ರೀಕರಣದ ವೇಳೆ ಹೃದಯಾಘಾತವಾಯಿತು. 1989ರ ‘ಗಣಶತ್ರು’ವನ್ನು ವೈದ್ಯರ ಕಟ್ಟುಪಾಡಿನಲ್ಲಿ, ಬಹುತೇಕ ಸ್ಟುಡಿಯೊದೊಳಗೇ ತೆಗೆದರು. ಅಭಿಮಾನಿಗಳು ಕ್ಷಮಿಸಲಿ, ಅದರಲ್ಲಿ ನನಗೆ ಪುಸ್ತಕದ ಶಿಸ್ತು ಕಾಣುತ್ತದೆ, ಕಾಶ್ ಹೂವಿನ ಗಾಳಿ ಕಾಣುವುದಿಲ್ಲ. ಆದರೂ 1992ರಲ್ಲಿ ತೀರಿಕೊಳ್ಳುವ ಮುನ್ನ ರೇ ಇನ್ನೆರಡು ಚಿತ್ರ ಮುಗಿಸಿದರು.