ಸತ್ತ ಅಂಗಾಂಶದಲ್ಲಿ ಚಲನೆ ಕಂಡ ಕಹಾಲ್

ಗರ್ಭಸ್ಥ ಶಿಶುವಿನ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳು ಹುಟ್ಟಿದ ಜಾಗ ಬಿಟ್ಟು ತಮ್ಮ ನೆಲೆಗೆ ಸಾಗುತ್ತವೆ. ಅಲ್ಲಿಂದ ತಂತು ಚಾಚಿ ದೂರದ ಕೋಶಗಳನ್ನು ತಲುಪುತ್ತವೆ. ಅವುಗಳಿಗೆ ದಾರಿ ತೋರುವುದು ಯಾವುದು? ಈ ಪ್ರಶ್ನೆಯ ಚರಿತ್ರೆ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅವರನ್ನು ಬಿಟ್ಟು ಆರಂಭವಾಗದು.

1852ರಲ್ಲಿ ಜನಿಸಿದ ಕಹಾಲ್‌ಗೆ ಬಾಲ್ಯದಲ್ಲಿ ಚಿತ್ರ ಬರೆಯುವ ಹುಚ್ಚು. ಶಸ್ತ್ರವೈದ್ಯರಾದ ತಂದೆಗೆ ಅದು ಸಮ್ಮತವಿರಲಿಲ್ಲ. ಮಗನನ್ನು ಕ್ಷೌರದ ಅಂಗಡಿಗೂ ಪಾದರಕ್ಷೆ ಹೊಲಿಯುವವರಲ್ಲಿಗೂ ಕೆಲಸಕ್ಕೆ ಹಚ್ಚಿದರು. ಕೊನೆಗೆ ಸ್ಮಶಾನದಿಂದ ತಂದ ಮೂಳೆಗಳನ್ನು ಮುಂದಿಟ್ಟು ಅಂಗರಚನೆ ಕಲಿಸಿದರು. ಚಿತ್ರಗಾರ ವೈದ್ಯನಾದುದು ಹೀಗೆ. ಮುಂದೆ ಸೈನ್ಯದ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾ ಹೊತ್ತು ಮರಳಿದರು.

ಆಡಳಿತದಲ್ಲಿ ಆಯುಷ್ಯ ಕಳೆದ ನನ್ನನ್ನು ಸೆಳೆಯುವುದು 1885ರ ಪ್ರಸಂಗ. ಕಾಲರಾ ಕುರಿತು ಕಹಾಲ್ ನಡೆಸಿದ ಅಧ್ಯಯನಕ್ಕೆ ಕೃತಜ್ಞತೆಯಾಗಿ ಸಾರಗೋಸ ಪ್ರಾಂತ್ಯದ ಆಡಳಿತ ಮಂಡಳಿಯು ಅವರಿಗೆ ಝೈಸ್ ಸೂಕ್ಷ್ಮದರ್ಶಕವೊಂದನ್ನು ನೀಡಿತು. ಹಾರ, ಶಾಲು, ಫಲಕಗಳಲ್ಲಿ ಮುಗಿಯಬಹುದಾಗಿದ್ದ ಸನ್ಮಾನ! ಸಾರ್ವಜನಿಕ ಹಣಕ್ಕೆ ಇಷ್ಟು ಪ್ರತಿಫಲ ಬಂದ ನಿದರ್ಶನಗಳು ವಿರಳ.

1887ರಲ್ಲಿ ಮ್ಯಾಡ್ರಿಡ್‌ನಲ್ಲಿ, ಇಟಲಿಯ ಗಾಲ್ಜಿ ರೂಪಿಸಿದ್ದ ಬೆಳ್ಳಿಯ ಲವಣದ ವರ್ಣಕ್ರಮವನ್ನು ಅವರು ಕಂಡರು. ಅದರಲ್ಲಿ ಕೆಲವೇ ನರಕೋಶಗಳು ಕಪ್ಪಾಗಿ ಎದ್ದು ಕಾಣುತ್ತಿದ್ದವು. ಬೆಳೆದ ಮಿದುಳು ದಟ್ಟ ಕಾಡು. ಮರವೊಂದರ ಆಕಾರ ತಿಳಿಯಬೇಕಾದರೆ ಸಸಿಮಡಿಗೆ ಹೋಗಬೇಕೆಂಬುದು ಕಹಾಲ್‌ರ ತರ್ಕ. ಭ್ರೂಣಗಳನ್ನು ಆರಿಸಿಕೊಂಡರು. 1888ರಲ್ಲಿ ಸ್ವಂತ ಖರ್ಚಿನಲ್ಲಿ ಪತ್ರಿಕೆ ಹೊರಡಿಸಿದರು. ಸ್ಪ್ಯಾನಿಷ್ ಓದುವವರು ಯುರೋಪಿನ ವಿದ್ವತ್ ವಲಯದಲ್ಲಿ ಎಷ್ಟು ಮಂದಿ? ಮರುವರ್ಷ ತಮ್ಮ ಗಾಜಿನ ಪಟ್ಟಿಗಳೊಡನೆ ಬರ್ಲಿನ್ನಿಗೇ ಹೋಗಿ, ಹಿರಿಯ ವಿಜ್ಞಾನಿ ಕೋಲಿಕರ್ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಒಪ್ಪಿಸಿದರು.

1890ರಲ್ಲಿ ಕೋಳಿಯ ಭ್ರೂಣದ ಬೆನ್ನುಹುರಿಯಲ್ಲಿ, ಬೆಳೆಯುತ್ತಿರುವ ತಂತುವಿನ ತುದಿಯಲ್ಲಿ ಶಂಕುವಿನಾಕಾರದ ಉಬ್ಬನ್ನು ಗುರುತಿಸಿದರು. ಅವರ ಮುಂದಿದ್ದುದು ಸತ್ತ, ಬಣ್ಣ ಕುಡಿದ ತೆಳು ಪದರ. ಆದರೂ ಅದು ಅಡೆತಡೆಗಳನ್ನು ಸರಿಸಿ ಮುನ್ನಡೆಯುವ ಜೀವಂತ ತುದಿಯೆಂದು ಊಹಿಸಿದರು. 1892ರಲ್ಲಿ ಮತ್ತೂ ಮುಂದೆ ಹೋಗಿ, ಬಿಳಿ ರಕ್ತಕಣಗಳನ್ನು ಸೆಳೆಯುವಂತೆಯೇ ಯಾವುವೋ ರಾಸಾಯನಿಕಗಳು ಈ ಶಂಕುವನ್ನು ಸೆಳೆಯುತ್ತಿರಬೇಕೆಂದರು. 1906ರ ನೊಬೆಲ್ ಪ್ರಶಸ್ತಿಯನ್ನು ಕಹಾಲ್ ಹಂಚಿಕೊಂಡದ್ದು ಗಾಲ್ಜಿಯವರೊಡನೆ. ಆ ಗಾಲ್ಜಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಹಾಲ್‌ರ ನರಕೋಶ ಸಿದ್ಧಾಂತವನ್ನು ಅಲ್ಲಗಳೆದರು. ಮರುವರ್ಷವೇ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಜೀವಂತ ಅಂಗಾಂಶದಲ್ಲಿ ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು.

ರಾಸಾಯನಿಕದ ಊಹೆಗೆ ಮಾತ್ರ ದೀರ್ಘ ಕಾಯುವಿಕೆ. ಕಹಾಲ್ 1934ರಲ್ಲಿ ತೀರಿಕೊಂಡರು. ಅರವತ್ತು ವರ್ಷಗಳ ನಂತರ, 1994ರಲ್ಲಿ, ಕೋಳಿಯ ಭ್ರೂಣದ ಮಿದುಳಿನಿಂದಲೇ ಅಂಥ ಪ್ರೋಟೀನನ್ನು ಬೇರ್ಪಡಿಸಲಾಯಿತು. ಹೆಸರು ನೆಟ್ರಿನ್, ದಾರಿ ತೋರುವವನೆಂಬ ಅರ್ಥದ ಸಂಸ್ಕೃತದ ‘ನೇತೃ’ ಪದದಿಂದ ಬಂದದ್ದು. ಇದು ಗುರಿಯ ಬಳಿಯಿಂದ ದೂರಕ್ಕೆ ಹರಡಿ ತಂತುವನ್ನು ಕರೆಯುತ್ತದೆಂದು ಬಹುಕಾಲ ನಂಬಲಾಗಿತ್ತು. ಆದರೆ ತಂತು ಸಾಗುವ ಹಾದಿಯ ಮಗ್ಗುಲಲ್ಲೇ ಇರುವ ನೆಟ್ರಿನ್‌ನ ಪಾತ್ರ ದೊಡ್ಡದೆಂದು 2017ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು.