ಹೆಸೂಸ್ ಕೊಲೊನ್: ಸಿಗಾರ್ ಫ್ಯಾಕ್ಟರಿ ಹಿಂದಿನ ಮನೆಯ ಹುಡುಗ

ಮೊದಲು ಹೆಸರಿನ ವಿಷ್ಯ. ಸ್ಪೆಲ್ಲಿಂಗ್ ನೋಡಿ ನಾನು ಜೀಸಸ್ ಕೋಲನ್ ಅಂತ ಓದ್ಕೊಂಡಿದ್ದೆ. ಸ್ಪ್ಯಾನಿಷ್‌ನಲ್ಲಿ ಅದು ಹೆಸೂಸ್ ಕೊಲೊನ್. ನ್ಯೂಯಾರ್ಕಿನ ಪೋರ್ಟೊರಿಕನ್ ಸಾಹಿತ್ಯದ ಮಾತು ಬಂದಾಗ ಮೊದಲು ಬರೋ ಹೆಸರುಗಳಲ್ಲಿ ಇದೂ ಒಂದು. ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ಕೊಲೊನ್ ಹುಟ್ಟಿದ್ದು 1901ರಲ್ಲಿ, ಪೋರ್ಟೊರಿಕೊ ದ್ವೀಪದ ಕಯೆಯ್ ಅನ್ನೋ ಊರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆಯಷ್ಟೇ ಅಮೆರಿಕ ಯುದ್ಧದಲ್ಲಿ ಗೆದ್ದು ಆ ದ್ವೀಪವನ್ನ ಸ್ಪೇನ್‌ನಿಂದ ಕಿತ್ಕೊಂಡಿತ್ತು. ಊರಿನ ಸುತ್ತ ಹೊಗೆಸೊಪ್ಪಿನ ಹೊಲಗಳು. ಆಫ್ರಿಕಾ ಮೂಲದ ಈ ಕುಟುಂಬದ ಮನೆ ಸಿಗಾರ್ ಫ್ಯಾಕ್ಟರಿ ಹಿಂದೇನೇ ಇತ್ತು.

ಆ ಫ್ಯಾಕ್ಟರಿಗಳಲ್ಲಿ ಒಂದು ಮಜವಾದ ಪದ್ಧತಿ. ಕೆಲಸಗಾರರು ಎಲೆ ಸುತ್ತುತ್ತಾ ಕೂತಿರ್ತಾರೆ, ಒಬ್ಬ ಅವರಿಗೆ ಜೋರಾಗಿ ಓದಿ ಹೇಳ್ತಾನೆ. ಒಂದು ಹೊತ್ತು ಪೇಪರ್, ಇನ್ನೊಂದು ಹೊತ್ತು ಜೋಲಾ, ಹ್ಯೂಗೋ ಥರದವರ ಕಾದಂಬರಿ. ಅವನಿಗೆ ದುಡ್ಡು ಕೊಡ್ತಿದ್ದದ್ದು ಮಾಲೀಕ ಅಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡ್ತಿದ್ರು. ಪುಟ್ಟ ಹೆಸೂಸ್ ಕಿಟಕಿಯಿಂದ ಬರ್ತಿದ್ದ ಆ ದನಿ ಕೇಳಿಸ್ಕೊಂಡೇ ಬೆಳೆದ. ಇದನ್ನ ಓದಿದಾಗ ನಂಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು. ನಾವು ಲ್ಯಾಬ್ ರೆಕಾರ್ಡ್ ಬರೆಯುವಾಗ ಯಾರಾದ್ರೂ ಹೀಗೆ ಕಾದಂಬರಿ ಓದಿ ಹೇಳಿದ್ರೆ!

ಹದಿನಾರನೇ ವಯಸ್ಸಲ್ಲಿ ಹುಡುಗ ಟಿಕೆಟ್ ಇಲ್ಲದೆ, ಕದ್ದು, ಎಸ್.ಎಸ್. ಕರೋಲಿನಾ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. (1918ರ ಜೂನ್‌ನಲ್ಲಿ ಅದೇ ಹಡಗನ್ನ ಜರ್ಮನ್ ಸಬ್‌ಮರೀನ್ ಮುಳುಗಿಸಿತು.) 1917ರ ಕಾನೂನಿಂದ ಪೋರ್ಟೊರಿಕೊದವರಿಗೆ ಅಮೆರಿಕದ ಪೌರತ್ವ ಸಿಕ್ಕಿತ್ತು, ಆದ್ರೆ ಕಾಗದ ಬೇರೆ, ಕೆಲಸ ಬೇರೆ. ಬಂದರಲ್ಲಿ ದುಡಿದ್ರು, ಪಾತ್ರೆ ತೊಳೆದ್ರು, ನೀರಲ್ಲಿ ನೆನೆಸಿದ ಬಾಟಲಿಗಳಿಂದ ಉಗುರಲ್ಲಿ ಲೇಬಲ್ ಕೆರೆದು ತೆಗೆಯೋ ಕೆಲಸಾನೂ ಮಾಡಿದ್ರು. ಜೊತೆಗೆ ಬ್ರೂಕ್ಲಿನ್‌ನಲ್ಲಿ ರಾತ್ರಿ ಶಾಲೆ.

ಒಂದ್ಸಲ ಒಂದು ಫಿಲ್ಮ್ ಕಂಪನಿಗೆ ಮನೆಯಿಂದಲೇ ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡಿ ಕಳಿಸ್ತಿದ್ರು. ಅನುವಾದ ಇಷ್ಟವಾಗಿ, ಕಾಯಂ ಕೆಲಸಕ್ಕೆ ಬನ್ನಿ ಅಂತ ಪತ್ರ ಬಂತು. ಹೋದ್ರೆ, ನೀವು ಬಿಳಿಯರು ಅಂದ್ಕೊಂಡಿದ್ವಿ ಅಂದ್ರು. ಕೆಲಸ ಅಲ್ಲಿಗೇ ಮುಗೀತು. ಮಾರ್ಕ್ಸ್ ಕಾರ್ಡ್ ನೋಡಿ ಕರೆದು, ಮುಖ ನೋಡಿ ವಾಪಸ್ ಕಳಿಸಿದ ಹಾಗೆ.

ಆದ್ರೆ ಅವರು ಒಬ್ಬರೇ ಕೂತು ಕೊರಗಲಿಲ್ಲ. ಊರಿಂದ ಬಂದವರ ಸಂಘ, ಕಾರ್ಮಿಕರ ಕ್ಲಬ್, ಪತ್ರಿಕೆ, ಒಂದಾದ ಮೇಲೊಂದು ಕಟ್ಟೋಕೆ ಕೈ ಹಾಕಿದ್ರು. ಇಂಟರ್‌ನ್ಯಾಷನಲ್ ವರ್ಕರ್ಸ್ ಆರ್ಡರ್ ಅಂತ ಒಂದು ಸಂಸ್ಥೆ ಇತ್ತು. ಬಣ್ಣ ನೋಡದೆ ಬಡ ಕೆಲಸಗಾರರಿಗೆ ಕಮ್ಮಿ ದುಡ್ಡಲ್ಲಿ ವಿಮೆ ಕೊಡ್ತಿತ್ತು. ಅದರ ಸ್ಪ್ಯಾನಿಷ್ ವಿಭಾಗವನ್ನ ಕೊಲೊನ್ ನಡೆಸಿದ್ರು. ಕಮ್ಯುನಿಸ್ಟ್ ಅನ್ನೋ ಹಣೆಪಟ್ಟಿಯಿಂದ 1954ರಲ್ಲಿ ಸರ್ಕಾರ ಆ ಸಂಸ್ಥೆಯನ್ನೇ ಮುಚ್ಚಿಸಿತು. ಕೊಲೊನ್ ನಿಜವಾಗ್ಲೂ ಕಮ್ಯುನಿಸ್ಟೇ, ಅದನ್ನ ಅವರು ಬಿಡಲಿಲ್ಲ. ಸೋವಿಯತ್ ಬಗ್ಗೆ ಅವರ ನಂಬಿಕೆ ನಂಗೆ ಅತಿ ಅನ್ಸುತ್ತೆ. 1959ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿ ಕರೆಸಿದಾಗ್ಲೂ ಅವರು ಬಗ್ಗಲಿಲ್ಲ.

ವರ್ಷಗಟ್ಟಲೆ ಸ್ಪ್ಯಾನಿಷ್‌ನಲ್ಲಿ ಬರೆದವರು ಐವತ್ತು ದಾಟಿದ ಮೇಲೆ ಡೈಲಿ ವರ್ಕರ್ ಪತ್ರಿಕೆಗೆ ಇಂಗ್ಲಿಷ್‌ನಲ್ಲಿ ಅಂಕಣ ಶುರು ಮಾಡಿದ್ರು. ಚಿಕ್ಕ ಚಿಕ್ಕ ಬರಹಗಳು. 1961ರಲ್ಲಿ ಪುಸ್ತಕವಾದವು: ಎ ಪೋರ್ಟೊರಿಕನ್ ಇನ್ ನ್ಯೂಯಾರ್ಕ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈಗ ಕನ್ನಡದಲ್ಲಿ ತಡವರಿಸ್ತಾ ಬರೆಯೋ ನಂಗೆ ಇದು ಧೈರ್ಯ ಕೊಟ್ಟಿದೆ.

ಅದರಲ್ಲಿ ಎರಡು ಮೂರು ಪುಟದ್ದೊಂದು ಘಟನೆ ನನ್ನನ್ನ ಬಿಡ್ತಿಲ್ಲ. ಮೇ ತಿಂಗಳ ಕೊನೆ, ಹಬ್ಬದ ರಜೆಯ ಹಿಂದಿನ ರಾತ್ರಿ. ಸಬ್‌ವೇ ರೈಲಿಗೆ ಒಬ್ಬ ಬಿಳಿ ಹೆಂಗಸು ಹತ್ತಿದ್ಲು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪೆಟ್ಟಿಗೆ, ಹಿಂದೆ ಇನ್ನಿಬ್ಬರು ಚಿಕ್ಕ ಮಕ್ಕಳು. ಬ್ರೂಕ್ಲಿನ್‌ನಲ್ಲಿ ಇಬ್ಬರದ್ದೂ ಒಂದೇ ಸ್ಟೇಷನ್. ಇಳಿದ ಮೇಲೆ ಎದುರಿಗೆ ಉದ್ದದ ಮೆಟ್ಟಿಲು, ಪ್ಲಾಟ್‌ಫಾರ್ಮ್ ಖಾಲಿ. ಊರಲ್ಲಿ ಕಲಿತ ನಡವಳಿಕೆ, ಹೋಗಿ ಪೆಟ್ಟಿಗೆ ಹಿಡ್ಕೋ ಅಂತಿತ್ತು. ಆದ್ರೆ ಅಷ್ಟು ಹೊತ್ತಲ್ಲಿ ಒಬ್ಬ ಕಪ್ಪು ಗಂಡಸು ಹತ್ತಿರ ಬಂದ್ರೆ ಆಕೆ ಕಿರುಚಿಬಿಟ್ರೆ? ಕೊಲೊನ್ ಏನೂ ಕಾಣಲಿಲ್ಲ ಅನ್ನೋ ಹಾಗೆ ಅವಳನ್ನ ದಾಟಿ ಸರಸರ ಮೆಟ್ಟಿಲು ಹತ್ತಿ ಹೋದ್ರು. ಆಕೆ ಒಂದು ಮಾತೂ ಆಡಿರಲಿಲ್ಲ. ಇವರೇ ಅವಳ ಪರವಾಗಿ ಊಹಿಸ್ಕೊಂಡಿದ್ರು. ಆ ನಾಚಿಕೆಯನ್ನ ಮುಚ್ಚಿಡದೆ ಬರೆದ್ರು. ಇನ್ನೊಮ್ಮೆ ಹೀಗಾದ್ರೆ, ಎದುರಿನವರು ಹೇಗೇ ತಗೊಳ್ಳಲಿ, ಸಹಾಯ ಮಾಡೇ ಮಾಡ್ತೀನಿ ಅಂತ ತಮಗೆ ತಾವೇ ಮಾತು ಕೊಟ್ಕೊಂಡ್ರು.

ನಂಗನ್ಸೋದು, ಇಷ್ಟೊಂದು ಸಂಘ ಕಟ್ಟಿದ ಮನುಷ್ಯ ತನ್ನ ಸೋಲನ್ನೇ ಆರಿಸಿ ಬರೆದಿದ್ದು ದೊಡ್ಡದು.

1969ರಲ್ಲಿ, 68ನೇ ವಯಸ್ಸಲ್ಲಿ, ನ್ಯೂಯಾರ್ಕ್ ನಗರದ ಕಂಪ್ಟ್ರೋಲರ್ ಹುದ್ದೆಗೆ ಕಮ್ಯುನಿಸ್ಟ್ ಪಕ್ಷದಿಂದ ನಿಂತು ಸೋತ್ರು. 1974ರಲ್ಲಿ ತೀರ್ಕೊಂಡ್ರು. 1982ರಲ್ಲಿ ಪುಸ್ತಕ ಮತ್ತೆ ಅಚ್ಚಾಯ್ತು. ಅವರು ಕೂಡಿಟ್ಟ ಕಾಗದಪತ್ರಗಳು ಈಗ ನ್ಯೂಯಾರ್ಕಿನ ಹಂಟರ್ ಕಾಲೇಜಿನ ಪೋರ್ಟೊರಿಕನ್ ಅಧ್ಯಯನ ಕೇಂದ್ರದಲ್ಲಿವೆ.