ಗೋಡೆಗಳೇ ಗ್ರಂಥವಾದಾಗ: ಸಹೋದರ ಆಂತೋನಿಯೊ ಮೊಸ್ಕೇನಿ

ಮಾನವನ ಅರಿವಿಗೆ ಇಂದ್ರಿಯಗಳೇ ಹೆಬ್ಬಾಗಿಲು ಎಂಬುದು ಸಂತ ಥಾಮಸ್ ಅಕ್ವಿನಾಸರ ತತ್ತ್ವಚಿಂತನೆಯ ಮೂಲಸೂತ್ರಗಳಲ್ಲೊಂದು. ಧರ್ಮಸಭೆ ಈ ಸತ್ಯವನ್ನು ಅವರಿಗಿಂತ ಬಹುಮೊದಲೇ ಮನಗಂಡಿತ್ತು. ಕ್ರಿ.ಶ. 600ರ ಸುಮಾರಿಗೆ ಮಾರ್ಸೆ ನಗರದ ಬಿಷಪರು ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಅಕ್ಷರ ಬಾರದವರ ಪಾಲಿಗೆ ಚಿತ್ರವೇ ಗ್ರಂಥವೆಂದು ಪೋಪ್ ಮಹಾ ಗ್ರೆಗರಿಯವರು ಅವರಿಗೆ ಪತ್ರ ಬರೆದು ತಿಳಿಹೇಳಿದ್ದರು. ಅದೇ ನಂಬಿಕೆಯನ್ನು ಕುಂಚದಲ್ಲಿ ಹಿಡಿದು ನಮ್ಮ ಕರಾವಳಿಗೆ ಬಂದವರು ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ.

ಮೊಸ್ಕೇನಿಯವರು 1854ರಲ್ಲಿ ಉತ್ತರ ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, ಸ್ವಂತ ನಾಡಿನ ದೇವಾಲಯಗಳಲ್ಲಿ ಚಿತ್ರ ಬರೆಯತೊಡಗಿದರು. ಕಲಾವಿದನಿಗೆ ಹೆಸರೂ ಸಂಪಾದನೆಯೂ ಕೂಡಿಬರುವ ವಯಸ್ಸಿನಲ್ಲಿ, ತಮ್ಮ ಮೂವತ್ತೈದನೆಯ ವರ್ಷದಲ್ಲಿ, 1889ರಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಗುರುಪಟ್ಟವನ್ನು ಅವರು ಪಡೆಯಲಿಲ್ಲ. ಧರ್ಮಸಹೋದರರಾಗಿಯೇ ಉಳಿದು, ತಮಗೆ ದೇವರು ಕೊಟ್ಟ ವರವನ್ನು ಸಭೆಯ ಕಾರ್ಯಕ್ಕೆ ಒಪ್ಪಿಸಿದರು. ಬಲಿಪೀಠದ ಬಳಿ ನಿಂತು ಪ್ರಬೋಧನೆ ನೀಡುವ ಅಧಿಕಾರ ಅವರಿಗಿರಲಿಲ್ಲ. ಆದರೆ ಅವರ ಪ್ರಬೋಧನೆ ಇಂದಿಗೂ ಮುಗಿದಿಲ್ಲ.

ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಬಾವುಟಗುಡ್ಡೆಯ ಮೇಲೆ ಅದರ ಪ್ರಾರ್ಥನಾ ಮಂದಿರವೂ ಎದ್ದಿತು. ಈ ಮಂದಿರದ ಬರಿಗೋಡೆಗಳಿಗೆ ಮಾತು ಕೊಡುವ ಹೊಣೆ ಮೊಸ್ಕೇನಿಯವರ ಪಾಲಿಗೆ ಬಂತು. 1899ರಿಂದ 1901ರ ವರೆಗೆ ಅವರು ಗೋಡೆಗಳ ಮೇಲೆ ಫ್ರೆಸ್ಕೊ ಚಿತ್ರಗಳನ್ನೂ, ಛಾವಣಿಗಾಗಿ ಕ್ಯಾನ್ವಾಸಿನ ಮೇಲೆ ತೈಲಚಿತ್ರಗಳನ್ನೂ ರಚಿಸಿದರು. ಫ್ರೆಸ್ಕೊ ಎಂಬುದು ಕಠಿಣವಾದ ವಿದ್ಯೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಂದು ದಿನಕ್ಕೆ ಮುಗಿಸಬಲ್ಲಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ಗಾರೆ ಒಣಗಿದ ಮೇಲೆ ತಿದ್ದುವುದು ಕಷ್ಟ; ಆದರೆ ಹಾಗೆ ಒಣಗಿದ ಬಣ್ಣ ಗೋಡೆಯ ಮೇಲಿನ ಲೇಪವಾಗಿ ಉಳಿಯದೆ ಗೋಡೆಯೇ ಆಗಿಬಿಡುತ್ತದೆ. ಎಳೆಯ ಮನಸ್ಸಿನಲ್ಲಿ ಬೇರೂರಿದ ಧರ್ಮಬೋಧೆಯೂ ಹಾಗೆಯೇ ಅಲ್ಲವೇ?

ಪ್ರೇಷಿತರು, ಸಂತರು, ಪ್ರಭು ಯೇಸುವಿನ ಜೀವನದ ಘಟನೆಗಳು ಅಲ್ಲಿ ಸಾಲುಗೊಂಡಿವೆ. ಛಾವಣಿಯಲ್ಲಿರುವುದು ಸಂತ ಅಲೋಶಿಯಸ್ ಗೊಂಜಾಗರ ಜೀವನ. ಕಸ್ತಿಲ್ಯೋನೆಯ ಅರಸುಮನೆತನದ ಹಿರಿಯ ಮಗನಾದ ಆ ತರುಣ 1585ರಲ್ಲಿ ತನ್ನ ಉತ್ತರಾಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದನು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಪೀಡಿತರ ಸೇವೆಯಲ್ಲಿ ರೋಗ ತಗುಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಾಣ ತೆತ್ತನು. ಇಲ್ಲಿ ಕಲೆಯ ಸಂದೇಶದ ತೀಕ್ಷ್ಣತೆಯನ್ನು ಗಮನಿಸಬೇಕು. ವಿದ್ಯಾರ್ಥಿಗಳು ಕಾಲೇಜಿಗೆ ಬರುವುದು ಪದವಿಗಾಗಿ, ಆ ಮೂಲಕ ಹುದ್ದೆಗಾಗಿ. ಅವರು ಬಲಿಪೂಜೆಗೆ ಕುಳಿತು ತಲೆಯೆತ್ತಿದರೆ ಕಾಣುವುದು ಪದವಿಯನ್ನು ತೊರೆದ, ಅವರದೇ ವಯಸ್ಸಿನ ಒಬ್ಬ ತರುಣ! ಆ ಚಿತ್ರಗಳು ಯಾರನ್ನೂ ಗದರಿಸುವುದಿಲ್ಲ, ವಾದಕ್ಕಿಳಿಯುವುದಿಲ್ಲ. ಕಲಿತದ್ದು ಯಾರಿಗಾಗಿ ಎಂಬ ಪ್ರಶ್ನೆಯನ್ನು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕೇಳುತ್ತಲೇ ಇವೆ. ಸಮಾಜದ ಮೇಲೆ ಕಲೆಯ ಪ್ರಭಾವವೆಂದರೆ ಇದೇ. ಅದು ರಾಜಾಜ್ಞೆಯಂತೆ ಒಂದೇ ದಿನದಲ್ಲಿ ಜಾರಿಯಾಗುವುದಿಲ್ಲ. ಮತ್ತೆ ಮತ್ತೆ ನೋಡಿದ ಕಣ್ಣುಗಳ ಮೂಲಕ ಮೆಲ್ಲನೆ ಅಂತಃಕರಣವನ್ನು ಸೇರುತ್ತದೆ.

ಮಂಗಳೂರಿನ ಬಳಿಕ ಮೊಸ್ಕೇನಿಯವರು ಮುಂಬಯಿ, ಕೊಚ್ಚಿ ಮೊದಲಾದೆಡೆ ದುಡಿದರು. ಕೊಚ್ಚಿಯ ಸಾಂತಾಕ್ರೂಜ್ ದೇವಾಲಯವೂ ಅವರ ಕಲೆಯನ್ನು ಕಂಡಿತು. 1905ರ ನವೆಂಬರಿನಲ್ಲಿ ಆ ದೇವಾಲಯದ ಪ್ರತಿಷ್ಠಾಪನೆಗೆ ಕೆಲವೇ ದಿನಗಳಿರುವಾಗ, ಐವತ್ತೊಂದರ ವಯಸ್ಸಿನಲ್ಲಿ ಅವರು ಕೊಚ್ಚಿಯಲ್ಲಿ ದೈವಾಧೀನರಾದರು. ಪೂರ್ಣಗೊಂಡ ದೇವಾಲಯದಲ್ಲಿ ಜನ ತಲೆಯೆತ್ತಿ ನೋಡಿ ಬೆರಗಾಗುವಾಗ ಅದನ್ನು ಕಾಣಲು ಕಲಾವಿದರು ಅಲ್ಲಿರಲಿಲ್ಲ. ತನ್ನನ್ನು ಮರೆಸಿ ದೇವರನ್ನು ತೋರಬಯಸಿದವರಿಗೆ ಇದು ನಷ್ಟವಾಗಿರಲಾರದು.

ಕಾಲ, ಕರಾವಳಿಯ ತೇವ ಇವುಗಳಿಗೆ ಸಿಕ್ಕಿ ಮಾಸಿದ್ದ ಮಂಗಳೂರಿನ ಚಿತ್ರಗಳನ್ನು 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರಗೊಳಿಸಿದರು. ಇಂದು ಎಲ್ಲ ಮತಗಳ ಜನರೂ ದೂರದೂರುಗಳಿಂದ ಬಂದು ಅವುಗಳನ್ನು ನೋಡುತ್ತಾರೆ. ಬಣ್ಣವೇನೋ ಉಳಿಯಿತು, ಅರ್ಥ ಉಳಿದಿದೆಯೇ? ಗ್ರೆಗರಿಯವರ ಕಾಲದ ಜನರಿಗೆ ಓದು ಬರುತ್ತಿರಲಿಲ್ಲ, ಆದರೆ ಕಥೆ ಗೊತ್ತಿತ್ತು. ನಮ್ಮ ಮಕ್ಕಳಿಗೆ ಓದು ಬರುತ್ತದೆ. ಕಥೆ ಗೊತ್ತಿದೆಯೆಂದು ಧೈರ್ಯದಿಂದ ಹೇಳಬಲ್ಲೆವೇ? ಕಥೆ ಮರೆತವನ ಮುಂದೆ ಚಿತ್ರ ಮೂಕವಾಗುತ್ತದೆ, ಅಂದದ ಅಲಂಕಾರವಾಗಿ ಮಾತ್ರ ಉಳಿಯುತ್ತದೆ. ಗಾರೆಯ ಮೇಲಿನ ಬಣ್ಣವನ್ನು ತಜ್ಞರು ಕಾಪಾಡಬಲ್ಲರು. ಅದರ ಅರ್ಥವನ್ನು ಕಾಪಾಡಬೇಕಾದವರು ತಂದೆತಾಯಿಯರು. ಮುಂದಿನ ಸಲ ಮಂಗಳೂರಿಗೆ ಹೋದಾಗ ಮಕ್ಕಳನ್ನು ಆ ಮಂದಿರಕ್ಕೆ ಕರೆದೊಯ್ಯಿರಿ. ಫೋಟೋ ತೆಗೆದು ಹೊರಡುವ ಮುನ್ನ ಅರ್ಧ ಗಂಟೆ ಬೆಂಚಿನ ಮೇಲೆ ಜೊತೆಗೆ ಕುಳಿತು, ಛಾವಣಿಯ ಮೇಲಿರುವ ಆ ತರುಣ ಯಾರು, ಏನನ್ನು ತೊರೆದ, ಯಾರಿಗಾಗಿ ಮಡಿದ ಎಂಬುದನ್ನು ಅವರಿಗೆ ತಿಳಿಸಿರಿ.